ಮಲಂಗಗಡದಿಂದ ತಂದ ತೊಗಟೆ

ದೀಪಾವಳಿ ಮುಗಿದು ಚಳಿ ಶುರುವಾಗುವ ಹೊತ್ತಿಗೆ ನಮ್ಮ ಡೊಂಬಿವಲಿಯ ರಸ್ತೆಗಳಲ್ಲಿ ಸಂಜೆ ಒಂದು ವಾಸನೆ ಏಳುತ್ತದೆ. ಮುನಿಸಿಪಾಲಿಟಿಯವರು ರಸ್ತೆಬದಿಗೆ ನೆಟ್ಟ ಮರಗಳ ಹೂವಿನ ವಾಸನೆ. ಕೆಲವರಿಗೆ ಅದು ಹಿತ, ಕೆಲವರಿಗೆ ತಲೆನೋವು. ಮರಾಠಿಯವರು ಆ ಮರವನ್ನು ಸಾತವೀಣ ಎನ್ನುತ್ತಾರೆ. ನಾನು ಅದರ ಕೆಳಗೆ ಎಷ್ಟೋ ವರ್ಷ ಹಾಲಿನ ಚೀಲ ಹಿಡಿದುಕೊಂಡು ಓಡಾಡಿದ್ದೇನೆ. ಯಾವ ಮರವೆಂದು ಕೇಳಿದವನಲ್ಲ.

ಹೋದ ವರ್ಷ ನನ್ನ ಹೆಂಡತಿಯ ತಮ್ಮ ಊರಿನಿಂದ ಬಂದಿದ್ದ. ಇಬ್ಬರೂ ಸಂಜೆ ತರಕಾರಿಗೆ ಹೊರಟಾಗ ಗೇಟಿನ ಹೊರಗೆ ನಿಂತು ತಲೆ ಎತ್ತಿ ನೋಡಿದ. "ಭಾವಾ, ಇಷ್ಟು ದೊಡ್ಡ ಪಾಲೆ ಮರ ಮನೆಯ ಎದುರೇ ಉಂಟಲ್ಲ. ಆಟಿ ತಿಂಗಳಲ್ಲಿ ತೊಗಟೆಗೆಂದು ನಿಮಗೆ ಎಲ್ಲಿಗೂ ಹೋಗುವ ಕೆಲಸ ಇಲ್ಲ" ಎಂದ.

ನಾನು ಅಲ್ಲೇ ಕಾಂಪೌಂಡಿನ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಸುಸ್ತಾಯಿತಾ ಎಂದು ಅವನು ಕೇಳಿದ. ಹೌದು ಎಂದೆ. ಪಾಲೆ ಎಂದರೆ ಹಾಲೆ ಮರ. ಅದನ್ನು ನಾನು ಒಂದು ಮಳೆಗಾಲದಲ್ಲಿ ಕಲ್ಯಾಣದಾಚೆ ಮಲಂಗಗಡದ ತಪ್ಪಲಿನಲ್ಲಿ ಹುಡುಕಿದ್ದೆ. ಆ ಮಳೆಗಾಲದ ಕಥೆಯನ್ನು ನಾನು ಯಾರಿಗೂ ಪೂರ್ತಿ ಹೇಳಿರಲಿಲ್ಲ. ಈಗ ಬರೆಯುತ್ತಿದ್ದೇನೆ.

ಹದಿನೈದು ಹದಿನಾರು ವರ್ಷಗಳ ಹಿಂದಿನ ಮಾತು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಕಾರ್ಕಳದ ಕಡೆಯಿಂದ ಇಲ್ಲಿಗೆ ಬಂದವನು, ಠಾಣೆ ಸ್ಟೇಷನ್ ಹತ್ತಿರದ ಒಂದು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂತು ಬಿಲ್ಲಿನ ಹಣ ಎಣಿಸುತ್ತಿದ್ದೆ. ಹೋಟೆಲಿನವರಿಗೆ ಮದುವೆಯೂ ತಡ, ಭಾನುವಾರವೂ ಇಲ್ಲ. ಊರೆಲ್ಲ ಹೊರಗೆ ತಿರುಗಾಡುವ ದಿನವೇ ನಮಗೆ ಹೆಚ್ಚು ಗಿರಾಕಿ. ಮಕ್ಕಳಿಗೆ ರಜೆಯೆಂದರೆ ಮೇ ತಿಂಗಳಲ್ಲಿ ಅಮ್ಮನ ಜೊತೆ ಊರಿಗೆ ಹೋಗುವುದು, ಅಷ್ಟೇ. ಆ ವರ್ಷ ಊರಿನ ರೈಲಿಗೆ ಟಿಕೆಟ್ ಸಿಗಲಿಲ್ಲ. ಮಗಳು ನಿಶ್ಮಿತಾ ಸಹಿಸಿಕೊಂಡಳು. ಮಗ ಪ್ರಜ್ವಲ್ ಆಗ ನಾಲ್ಕನೆಯ ಕ್ಲಾಸು. ಅವನ ಗೆಳೆಯರು ಮಹಾಬಳೇಶ್ವರ, ಮಾಥೇರಾನ್ ಎಂದು ಹೋಗಿ ಬಂದು ಕುದುರೆ ಹತ್ತಿದ ಫೋಟೋ ತೋರಿಸುತ್ತಿದ್ದರು. ಇವನು ಮನೆಗೆ ಬಂದು ಊಟದ ತಟ್ಟೆ ದೂಡುತ್ತಿದ್ದ.

ಜೂನಿನಲ್ಲಿ ಇನ್ನೊಂದಾಯಿತು. ನಮ್ಮ ಹೋಟೆಲಿನ ಧಣಿಗಳು ಅಡುಗೆಮನೆ ಕಿತ್ತು ಹೊಸದು ಮಾಡಿಸಲು ಹೊರಟು, ಚೌತಿಯವರೆಗೆ ಬಾಗಿಲು ಹಾಕಿದರು. ಅರ್ಧ ಸಂಬಳದಲ್ಲಿ ಮನೆಯಲ್ಲಿರಿ ಎಂದರು. ಮೂವತ್ತು ವರ್ಷಗಳಲ್ಲಿ ಮೊದಲ ಸಲ ನನಗೆ ಭಾನುವಾರಗಳು ಬಂದವು. ಅವುಗಳನ್ನು ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಲುಂಗಿ ಕಟ್ಟಿಕೊಂಡು ಗ್ಯಾಲರಿಯಲ್ಲಿ ನಿಂತು ಮಳೆ ನೋಡುತ್ತಿದ್ದೆ.

ಪಕ್ಕದ ಬಾಗಿಲು ಸಿದ್ರಾಮನದು. ವಿಜಾಪುರ ಜಿಲ್ಲೆಯವನು. ನವಿ ಮುಂಬೈಯ ರಬಾಳೆಯಲ್ಲಿ ಒಂದು ಕಾರ್ಖಾನೆಯಲ್ಲಿ ಗುತ್ತಿಗೆದಾರನ ಕೈಕೆಳಗೆ ಲೋಡಿಂಗ್ ಕೆಲಸ. ಬೆಳಗಿನ ಪಾಳಿಗೆ ಕತ್ತಲೆಯಲ್ಲೇ ಹೊರಡುತ್ತಿದ್ದ. ಹೆಂಡತಿ ಮಹಾದೇವಿ, ಹೈಸ್ಕೂಲು ಮುಗಿಸುತ್ತಿದ್ದ ಮಗ ಶರಣು. ಐದಾರು ವರ್ಷ ಗೋಡೆಗೆ ಗೋಡೆ ಹಚ್ಚಿಕೊಂಡಿದ್ದರೂ ನಾನು ಅವನ ಜೊತೆ ನಾಲ್ಕು ಮಾತಾಡಿದವನಲ್ಲ. ಲೋಡಿಂಗಿನವನ ಜೊತೆ ಏನು ಮಾತು ಎಂಬ ಹಮ್ಮು ನನ್ನಲ್ಲಿತ್ತು. ಅದನ್ನೂ ಹೇಳಿಬಿಡುತ್ತೇನೆ.

ಪ್ರಜ್ವಲನ ಗೋಳು ಗೋಡೆಯಾಚೆಗೂ ಕೇಳಿಸಿರಬೇಕು. ಒಂದು ಶನಿವಾರ ಸಿದ್ರಾಮ ಗ್ಯಾಲರಿಗೆ ಬಂದು ನನ್ನ ಪಕ್ಕ ನಿಂತ. "ಮಹಾಬಳೇಶ್ವರದಾಗ ಬೀಳೂದೂ ಇದ ಮಳಿ ಅಲ್ಲೇನ್ರಿ, ಮ್ಯಾನೇಜರ್ ಸಾಹೇಬ್ರ? ನಾಳೆ ನಾವು ಮುಂಬ್ರಾ ಗುಡ್ಡಕ್ಕ ಹೊಂಟೀವಿ. ಹುಡುಗೂರ್ನ ಕಳಸ್ರಿ. ನೀವೂ ಬರ್ರಿ" ಎಂದ. ನಾನು ಮ್ಯಾನೇಜರ್ ಅಲ್ಲವೆಂದು ಅವನಿಗೆ ಗೊತ್ತಿತ್ತು. ತಮಾಷೆಗೆ ಹಾಗೆ ಕರೆಯುತ್ತಿದ್ದ. ನಾನು ತಿದ್ದಲಿಲ್ಲ.

ಮುಂಬ್ರಾ ಗುಡ್ಡವನ್ನು ನಾನು ಕಂಡಿರಲೇ ಇಲ್ಲ ಎಂದರೆ ಈಗಿನವರು ನಗುತ್ತಾರೆ. ಆಗ ಫಾಸ್ಟ್ ಲೋಕಲ್‌ಗಳು ಸುರಂಗದೊಳಗಿಂದ ಹೋಗುತ್ತಿದ್ದವು. ನಾನು ದಿನವೂ ಫಾಸ್ಟ್ ಹಿಡಿಯುವವನು; ದಿವಾ ದಾಟಿದರೆ ಕತ್ತಲೆ, ಕತ್ತಲೆ ಕಳೆದರೆ ಠಾಣೆ. ನಡುವೆ ಒಂದು ಕಡೆ ಸಮುದ್ರದ ನೀರು ಒಳನುಗ್ಗಿದ ಖಾಡಿ, ಇನ್ನೊಂದು ಕಡೆ ಮೈತುಂಬ ನೀರಿನ ಗೆರೆಗಳನ್ನು ಇಳಿಬಿಟ್ಟುಕೊಂಡು ನಿಂತ ಗುಡ್ಡ ಇದೆಯೆಂಬುದನ್ನು ಅವತ್ತು ಸ್ಲೋ ಗಾಡಿಯ ಬಾಗಿಲಲ್ಲಿ ನಿಂತು ನೋಡಿದೆ. ದೇವಿಯ ಗುಡಿಗೆ ಹೋಗುವ ಮೆಟ್ಟಿಲುಗಳನ್ನು ಹತ್ತಿದೆವು. ಸಿದ್ರಾಮ ಕಾರ್ಖಾನೆಯಿಂದ ತಂದ ನೀಲಿ ತಾಡಪತ್ರಿಯನ್ನು ಮಕ್ಕಳೆಲ್ಲ ಮೂಲೆಗಳನ್ನು ಹಿಡಿದುಕೊಂಡು ತಲೆಯ ಮೇಲೆ ಹೊತ್ತರು. ಮೇಲಿಂದ ನೋಡಿದರೆ ಲೋಕಲ್ ಗಾಡಿಗಳು ಆಟದ ಸಾಮಾನಿನ ಹಾಗೆ ಖಾಡಿಯ ಅಂಚಿನಲ್ಲಿ ಹರಿದು ಹೋಗುತ್ತಿದ್ದವು. "ಪಪ್ಪಾ, ವೋ ದೇಖೋ" ಎಂದು ಪ್ರಜ್ವಲ್ ನನ್ನ ಅಂಗಿ ಎಳೆದ. ಎಷ್ಟೋ ದಿನದ ಮೇಲೆ ಅವನು ನನ್ನ ಅಂಗಿ ಎಳೆದದ್ದು.

ಆಮೇಲೆ ಪ್ರತಿ ಭಾನುವಾರ ಹೊರಟೆವು. ಕಲ್ಯಾಣದ ದುರ್ಗಾಡಿ ಕೋಟೆಯ ಮೇಲೆ ಗಾಳಿಗೆ ಕೊಡೆಗಳು ತಿರುವಿಬಿದ್ದವು. ಖಾರಘರದ ಬೆಟ್ಟದ ಬುಡದಲ್ಲಿ ನಿಂತು ಜಲಪಾತವನ್ನು ದೂರದಿಂದಲೇ ನೋಡಿದೆವು; ಹರಿಯುವ ನೀರಿಗೆ ಕಾಲಿಡಬಾರದೆಂಬುದು ಸಿದ್ರಾಮನ ಕಟ್ಟಪ್ಪಣೆ. ನನ್ನ ಬಳಿ ರೈಲಿನ ಪಾಸಿತ್ತು, ಅವನ ಬಳಿಯೂ ಇತ್ತು, ಉಳಿದವರಿಗೆ ಟಿಕೆಟ್. ಬುತ್ತಿ ಮನೆಯದು. ಮಹಾದೇವಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು ತಂದರೆ ನನ್ನ ಹೆಂಡತಿ ಸರೋಜ ಕೆಸುವಿನೆಲೆಯ ಪತ್ರೊಡೆಯನ್ನು ಒಗ್ಗರಣೆ ಹಾಕಿ ತರುತ್ತಿದ್ದಳು. ಹೊರಗಿನಿಂದ ಕೊಳ್ಳುವುದು ಸುಟ್ಟ ಜೋಳದ ತೆನೆ ಮಾತ್ರ. ಮಹಾದೇವಿ ಮೊದಲ ಸಲ ಪತ್ರೊಡೆ ತಿಂದು, "ಅಕ್ಕಾ, ಎಲಿನೂ ಬಿಡಂಗಿಲ್ಲಲ್ರಿ ನೀವು" ಎಂದಳು. ಸರೋಜ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಮದುವೆಯಾಗಿ ಬಂದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ನೋಡಲು ನಾನು ಮನೆಯಲ್ಲಿದ್ದರೆ ತಾನೆ.

ಇಷ್ಟು ಸುಖವಿದ್ದಾಗಲೂ ನನ್ನೊಳಗೆ ಒಂದು ಮುಳ್ಳು ಬೆಳೆಯುತ್ತಿತ್ತು. ಮಕ್ಕಳು ಏನು ಕೇಳುವುದಿದ್ದರೂ ಸಿದ್ರಾಮ ಕಾಕಾನನ್ನು ಕೇಳುತ್ತಿದ್ದರು. ಯಾವ ದಾರಿ, ಯಾವ ಬಸ್ಸು, ಮಂಗ ಬಂದರೆ ಏನು ಮಾಡಬೇಕು. ಒಮ್ಮೆ ನಿಶ್ಮಿತಾ ನನ್ನನ್ನು ಏನೋ ಕೇಳಲು ಹೋದಾಗ ಪ್ರಜ್ವಲ್ ಮರಾಠಿಯಲ್ಲಿ, ಪಪ್ಪನಿಗೆ ಏನೂ ಗೊತ್ತಿಲ್ಲ, ಗಲ್ಲೆ ಮಾತ್ರ ಗೊತ್ತು ಎಂದ. ಎಲ್ಲರೂ ನಕ್ಕರು. ಸಿದ್ರಾಮ ನಗಲಿಲ್ಲ, ಹುಡುಗನ ತಲೆಗೆ ಮೆಲ್ಲನೆ ಮೊಟಕಿದ. ಅದು ನನಗೆ ಇನ್ನೂ ಚುಚ್ಚಿತು.

ಆಷಾಢದ ಕೊನೆಯ ಭಾನುವಾರ ಮಲಂಗಗಡದ ತಪ್ಪಲಿಗೆ ಹೋದೆವು. ಮರುದಿನ ಅಮಾವಾಸ್ಯೆ. ನಮ್ಮ ಕಡೆ ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲು ಗಂಡಸರು ಹೋಗಿ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತರುತ್ತಾರೆ, ಕತ್ತಿ ತಾಗಿಸುವುದಿಲ್ಲ. ಅದನ್ನು ಬೆಳ್ಳುಳ್ಳಿ, ಕಾಳುಮೆಣಸು, ಓಮದ ಜೊತೆ ಅರೆದು ರಸ ಹಿಂಡಿ, ಕಾಯಿಸಿದ ಬಿಳಿಕಲ್ಲು ಅದ್ದಿ, ಮನೆಯವರೆಲ್ಲ ಬರಿಹೊಟ್ಟೆಯಲ್ಲಿ ಕುಡಿಯುತ್ತಾರೆ. ವರ್ಷವಿಡೀ ರೋಗ ಬರುವುದಿಲ್ಲವೆಂದು ನಂಬಿಕೆ. ಮಲಂಗಗಡದ ಬುಡದಲ್ಲಿ ಮರಗಳನ್ನು ಕಂಡಾಗ ನಾನು ಇದನ್ನೆಲ್ಲ ಮಕ್ಕಳಿಗೆ ವಿವರಿಸಿದೆ. ಅವರು ಬಾಯಿಬಿಟ್ಟು ಕೇಳಿದರು. ಸಿದ್ರಾಮನೂ ಕೇಳಿದ. "ನಮ್ಮ ಕಡೆ ಬೇವು ಒಂದ, ಜಾಲಿ ಒಂದ. ಅವೆರಡು ಬಿಟ್ರ ಎಲ್ಲಾ ಗಿಡನೂ ನನಗ ಒಂದ ರೀ. ಇದರಾಗ ನಿಮ್ಮ ಗಿಡ ಯಾವ್ದು, ತೋರಸ್ರಿ" ಎಂದ.

ನನಗೆ ಗೊತ್ತಿರಲಿಲ್ಲ. ತೊಗಟೆ ತರುತ್ತಿದ್ದವನು ನನ್ನ ಅಪ್ಪ. ನಾನು ಕಹಿಗೆ ಹೆದರಿ ಕೊಟ್ಟಿಗೆಯ ಹಿಂದೆ ಅಡಗುತ್ತಿದ್ದ ಹುಡುಗ. ಹದಿನಾರು ತುಂಬುವ ಮೊದಲೇ ಊರು ಬಿಟ್ಟವನು. ಮರವನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ಆದರೂ ನಾಲ್ಕು ಹೆಜ್ಜೆ ಹೋಗಿ ಒಂದು ಎತ್ತರದ ಮರದ ಮೇಲೆ ಕೈಯಿಟ್ಟು, ಇದೇ ಎಂದೆ.

ಮರುದಿನ ನಸುಕಿಗೆ ಮತ್ತೆ ಅಷ್ಟು ದೂರ ಬರಲಾಗದೆಂದು ಆಗಲೇ ಕಲ್ಲು ಎತ್ತಿಕೊಂಡೆ. ಜಜ್ಜುವಾಗ ಹಾಲು ಒಸರಬೇಕಿತ್ತು. ಒಸರಲಿಲ್ಲ. ಮಳೆಗೆ ತೊಳೆದುಹೋಗಿರಬೇಕು ಎಂದುಕೊಂಡೆ. ಪ್ರಜ್ವಲ್ ತನ್ನ ರೇನ್‌ಕೋಟಿನ ಟೊಪ್ಪಿಯನ್ನು ಒಡ್ಡಿ ಚಕ್ಕೆಗಳನ್ನು ಹಿಡಿದುಕೊಂಡ. ಸರೋಜ ಆಗ ಮಹಾದೇವಿಯ ಜೊತೆ ಕೆಳಗೆ ಬಸ್ ಸ್ಟಾಪಿನ ಹತ್ತಿರ ಕುಳಿತಿದ್ದಳು. ಅವಳು ಮರವನ್ನು ನೋಡಲಿಲ್ಲ. ಮನೆಗೆ ಬಂದ ಮೇಲೆ ಚಕ್ಕೆಗಳನ್ನು ನಾನೇ ಬಟ್ಟೆಯಲ್ಲಿ ಕಟ್ಟಿಟ್ಟೆ. ಗಂಡಸರ ಕೆಲಸ, ನೀನು ಮುಟ್ಟಬೇಡ ಎಂದೆ.

ಸೋಮವಾರ ಕತ್ತಲಿರುವಾಗಲೇ ಎದ್ದು ಅರೆದು ರಸ ತೆಗೆದೆ. ಸಿದ್ರಾಮ ಪಾಳಿಗೆ ಹೊರಡುವ ಮೊದಲೇ ಕೊಡಬೇಕೆಂದು ಒಂದು ಲೋಟ ತುಂಬಿ ಅವನ ಬಾಗಿಲು ತಟ್ಟಿದೆ. ಅವನು ಸ್ನಾನಕ್ಕೆ ಹೋಗಿದ್ದ. ಮಹಾದೇವಿ ಎರಡು ಕೈಯಲ್ಲೂ ಪ್ರಸಾದದ ಹಾಗೆ ತೆಗೆದುಕೊಂಡಳು. ನಾನು ಮನೆಗೆ ಬಂದು ಸರೋಜಳನ್ನು ಎಬ್ಬಿಸಿದೆ. ಅವಳು ಲೋಟ ಮೂಗಿನ ಹತ್ತಿರ ಹಿಡಿದವಳು ಕೆಳಗಿಟ್ಟಳು.

"ಇದು ಪಾಲೆ ಅಲ್ಲ ಮಾರಾಯ್ರೆ. ಕೆತ್ತುವಾಗ ಹಾಲು ಬಂತಾ?"

ಬಂತು ಎಂದೆ. ಅವಳು ನನ್ನ ಮುಖ ನೋಡಿದಳು, ರಸವನ್ನು ಪಾತ್ರೆ ಸಮೇತ ಎತ್ತಿ ಮೋರಿಗೆ ಸುರಿದಳು. ಪಕ್ಕದವರಿಗೆ ಕೊಟ್ಟಿಲ್ಲವಲ್ಲ ಎಂದು ಕೇಳಿದಳು. ಇಲ್ಲ ಎಂದು ಹೇಳಿ ನಾನು ಹೊರಗೆ ಬಂದೆ. ಲೋಟ ವಾಪಸು ತರಬೇಕೆಂದೇ ಬಂದದ್ದು, ಅದು ಸತ್ಯ. ಸಿದ್ರಾಮನ ಬಾಗಿಲ ಮುಂದೆ ನಿಂತೆ. ಬಾಗಿಲು ತಟ್ಟಿ ಏನು ಹೇಳುವುದು? ಮರ ನನಗೆ ಗೊತ್ತಿರಲಿಲ್ಲ ಎಂದೇ? ಒಳಗೆ ಅವನು, ಅಬ್ಬಾ ಏನ್ ಕಹಿ ಐತಿ ಎನ್ನುತ್ತಿದ್ದ. ಮಹಾದೇವಿಯ ದನಿ ಕೇಳಿಸಿತು: "ಬಿಡಬ್ಯಾಡ್ರಿ, ಕುಡೀರಿ. ಅಣ್ಣಾರು ನಸುಕಿನ್ಯಾಗ ಎದ್ದು ಮಾಡ್ಯಾರ."

ನಾನು ಬಾಗಿಲು ತಟ್ಟಲಿಲ್ಲ. ಒಂದು ಗುಟುಕಿಗೆ ಏನಾಗುತ್ತದೆ ಎಂದುಕೊಂಡು ಒಳಗೆ ಬಂದು ಮಲಗಿದೆ.

ಮಧ್ಯಾಹ್ನದೊಳಗೆ ಸಿದ್ರಾಮ ಕಾರ್ಖಾನೆಯಲ್ಲಿ ವಾಂತಿ ಮಾಡಿಕೊಂಡು, ಕೈಕಾಲು ಸೆಟೆದು ಬಿದ್ದನೆಂದು ಫೋನ್ ಬಂತು. ಮಹಾದೇವಿ, ಸರೋಜ, ನಾನು ಮೂವರೂ ಆಸ್ಪತ್ರೆಗೆ ಓಡಿದೆವು. ನಮ್ಮ ಆಟಿ ಅಮಾವಾಸ್ಯೆಯೇ ಇಲ್ಲಿಯವರಿಗೆ ಗಟಾರಿ; ಶ್ರಾವಣಕ್ಕೆ ಮೊದಲು ಕುಡಿಯುವವರು ಹೊಟ್ಟೆತುಂಬ ಕುಡಿದು ಮುಗಿಸುವ ದಿನ. ಗುತ್ತಿಗೆದಾರನ ಮನುಷ್ಯ ಹಾಸಿಗೆಯ ಪಕ್ಕ ನಿಂತು, ಬೆಳಿಗ್ಗೆಯೇ ಗಟಾರಿ ಶುರು ಮಾಡಿರಬೇಕು ಎಂದು ನಗುತ್ತಿದ್ದ. ಮಹಾದೇವಿ ಡಾಕ್ಟರರಿಗೆ, ಇವರು ಹೆಂಡ ಮುಟ್ಟುವವರಲ್ಲ, ಬೆಳಿಗ್ಗೆ ಅಣ್ಣ ಕೊಟ್ಟ ಕಷಾಯ ಬಿಟ್ಟರೆ ಏನೂ ಕುಡಿದಿಲ್ಲ ಎಂದಳು. ಅವಳ ಹರುಕು ಹಿಂದಿಯನ್ನು ಕೇಳಿ ಡಾಕ್ಟರು ನನ್ನ ಕಡೆ ತಿರುಗಿದರು.

ಆ ಲೋಟದಲ್ಲಿ ಏನಿತ್ತೆಂದು ಅವರಿಗೆ ಆಗ ತಿಳಿಯಬೇಕಿತ್ತು. ಒಬ್ಬ ಮನುಷ್ಯನ ಜೀವದ ಪ್ರಶ್ನೆ. ನಾನು ಹೇಳಿದೆ: "ನಾವೆಲ್ಲ ಕುಡಿದಿದ್ದೇವೆ. ನಮಗೇನೂ ಆಗಿಲ್ಲ."

ಸರೋಜ ನನ್ನ ಪಕ್ಕದಲ್ಲೇ ಇದ್ದಳು. ಒಂದು ಕ್ಷಣ ಬಾಯಿ ತೆರೆದಳು, ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು. ಮಹಾದೇವಿ ಗಂಡನ ಮುಖವನ್ನು ನೋಡುತ್ತಾ ನಿಂತಳು. ಅವಳ ಅಪ್ಪ ಕುಡಿದು ಕುಡಿದೇ ಸತ್ತವನೆಂದು ಅವಳು ಹಿಂದೊಮ್ಮೆ ಗುಡ್ಡ ಹತ್ತುವಾಗ ಸರೋಜಳಿಗೆ ಹೇಳಿದ್ದಳು. ಅವಳ ನೋಟದಲ್ಲಿ ಸಂಶಯ ಹುಟ್ಟಿದ್ದನ್ನು ನಾನು ಕಣ್ಣಾರೆ ಕಂಡೆ.

ಸಿದ್ರಾಮ ಬದುಕಿಕೊಂಡ. ಅವನು ಲೋಟದ ಅರ್ಧವನ್ನು ಚೆಲ್ಲಿದ್ದನಂತೆ, ಕಹಿ ತಡೆಯಲಾಗದೆ. ಅದು ಯಾವ ಮರವೋ ಇಂದಿಗೂ ನನಗೆ ಗೊತ್ತಿಲ್ಲ. ಅವನು ಎದ್ದು ಓಡಾಡುವ ಹೊತ್ತಿಗೆ ಶ್ರಾವಣ ಮುಗಿದಿತ್ತು. ಕುಡಿದು ಕೆಲಸಕ್ಕೆ ಬಂದವನೆಂದು ಗುತ್ತಿಗೆದಾರ ಬೇರೆಯವರನ್ನು ಹಾಕಿಕೊಂಡಿದ್ದ. ಗೋಡೆಯಾಚೆಯಿಂದ ಜಗಳ ಕೇಳಿಸುತ್ತಿತ್ತು. ನಾನು ಕುಡಿದಿಲ್ಲ ಎಂದು ಅವನು, ಹಾಗಾದರೆ ಅಣ್ಣನ ಮನೆಯವರಿಗೆ ಯಾಕೆ ಏನೂ ಆಗಲಿಲ್ಲ ಎಂದು ಅವಳು. ನಾನು ಈಚೆ ಕುಳಿತು ಕೇಳುತ್ತಿದ್ದೆ. ಸರೋಜ ಟಿವಿಯ ದನಿ ಏರಿಸುತ್ತಿದ್ದಳು.

ಚೌತಿಗೆ ನಮ್ಮ ಹೋಟೆಲು ತೆರೆಯಿತು. ನಾನು ಮತ್ತೆ ಫಾಸ್ಟ್ ಗಾಡಿ ಹತ್ತಿದೆ. ಅದೇ ವರ್ಷ ಸಿದ್ರಾಮನ ಸಂಸಾರ ಬಾಡಿಗೆ ಕಡಿಮೆಯೆಂದು ದಿವಾಕ್ಕೆ ಹೋಯಿತು. ಟೆಂಪೋಗೆ ಸಾಮಾನು ಏರಿಸುವ ದಿನ ನಾನು ಬೇಕೆಂದೇ ಬೇಗ ಹೊರಟುಹೋದೆ. ಮಕ್ಕಳು ಭಾನುವಾರ ಎಲ್ಲಿಗಾದರೂ ಹೋಗೋಣವೆಂದರೆ ಸರೋಜ, ಅಪ್ಪನನ್ನು ಕೇಳಿ ಎನ್ನುತ್ತಿದ್ದಳು. ಅವರು ಕೇಳುತ್ತಿರಲಿಲ್ಲ. ಆ ಲೋಟದ ವಿಷಯವನ್ನು ಅವಳು ಒಮ್ಮೆಯೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅವಳು ತೀರಿಕೊಂಡು ಈಗ ಮೂರು ವರ್ಷ. ನನ್ನ ಸುಳ್ಳಿಗೆ ಅವಳನ್ನೂ ಪಾಲುಗಾರ್ತಿಯನ್ನಾಗಿ ಮಾಡಿ ಕಳಿಸಿದೆ.

ಭಾವಮೈದುನ ಮರ ತೋರಿಸಿ ಹೋದ ಮೇಲೆ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಕಿಟಕಿ ಮುಚ್ಚಿದರೂ ಆ ಹೂವಿನ ವಾಸನೆ ಒಳಗೆ ಬರುತ್ತಿತ್ತು. ಸಿದ್ರಾಮನ ವಿಳಾಸ ಹುಡುಕುವುದು ಕಷ್ಟವಾಗಲಿಲ್ಲ. ದಿವಾದಲ್ಲಿ ಅವನ ಜಿಲ್ಲೆಯವರು ಬೇಕಾದಷ್ಟಿದ್ದಾರೆ. ಒಂದು ಬೆಳಿಗ್ಗೆ ಹೋದೆ. ಕಿರಿದಾದ ಗಲ್ಲಿ, ಎರಡನೆಯ ಮಹಡಿ. ಬಾಗಿಲು ತೆಗೆದವನು ಅವನೇ. ಮೊಣಕಾಲು ಹಿಡಿದುಕೊಂಡು ನಡೆಯುತ್ತಿದ್ದ. ನನ್ನನ್ನು ನೋಡಿ, "ಮ್ಯಾನೇಜರ್ ಸಾಹೇಬ್ರ" ಎಂದ. ದನಿ ಹಾಗೆಯೇ ಇತ್ತು.

ಕುರ್ಚಿಯಲ್ಲಿ ಕುಳಿತು ನಾನು ಎಲ್ಲವನ್ನೂ ಹೇಳಿದೆ. ಮರ ಗೊತ್ತಿರಲಿಲ್ಲವೆಂಬುದು, ಹಾಲು ಬರಲಿಲ್ಲವೆಂಬುದು, ಸರೋಜ ಸುರಿದದ್ದು, ಬಾಗಿಲ ಮುಂದೆ ನಿಂತದ್ದು, ಆಸ್ಪತ್ರೆಯಲ್ಲಿ ಆಡಿದ ಮಾತು. ಅವನು ನೆಲ ನೋಡುತ್ತಾ ಕೇಳಿದ. ಬಿಡ್ರಿ, ಹಳೇ ಮಾತು, ನಾ ಬದುಕೀನಲ್ಲ ಎಂದ. ಅವನು ಅಷ್ಟು ಸಲೀಸಾಗಿ ಬಿಟ್ಟುಕೊಟ್ಟದ್ದು ನನಗೆ ಹಗುರವೆನಿಸಲಿಲ್ಲ.

ಮಹಾದೇವಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೂದಲು ಪೂರ್ತಿ ನೆರೆತಿತ್ತು. ಯಾವಾಗ ಬಂದು ನಿಂತಳೋ ನನಗೆ ತಿಳಿಯಲಿಲ್ಲ.

"ಅವರಿಗೆ ಹೇಳಿದ್ರಿ. ಅವರಿಗೆ ಗೊತ್ತಿತ್ತು, ತಾವು ಕುಡದಿಲ್ಲಂತ. ಗೊತ್ತಿಲ್ದಾಕಿ ನಾನು. ನನಗ ಹೇಳ್ರಿ" ಎಂದಳು.

ನಾನು ಎದ್ದು ನಿಂತು ಅವಳ ಮುಖ ನೋಡಿ ಎರಡನೆಯ ಸಲ ಹೇಳಿದೆ. ಮೊದಲನೆಯದಕ್ಕಿಂತ ಅದು ಕಷ್ಟವಾಯಿತು. ಬಾಗಿಲ ಹೊರಗೆ ನಿಂತು ಅವಳ ಮಾತನ್ನು ಕೇಳಿಸಿಕೊಂಡೆನೆಂದು ಹೇಳಿದಾಗ ಅವಳು ಕೈಯೆತ್ತಿ ನಿಲ್ಲಿಸಿದಳು. ಕುಡೀರಿ ಅಂದಾಕಿ ನಾನ ಅಲ್ಲೇನು ಎಂದು ತನಗೆ ತಾನೇ ಹೇಳಿಕೊಂಡಳು. ಗಂಡನ ಕಡೆ ತಿರುಗಿದಳು. ಇಷ್ಟು ವರ್ಷ ಅವನನ್ನು ಸುಳ್ಳುಗಾರನೆಂದದ್ದೆಲ್ಲ ಅವಳ ಕಣ್ಣಲ್ಲಿ ಬಂದು ಹೋಯಿತು. ಸಿದ್ರಾಮ ಕಿಟಕಿಯ ಕಡೆ ಮುಖ ಮಾಡಿ ಕುಳಿತ. ಆ ಹೊತ್ತಿನಲ್ಲಿ ನಾನು ಅಲ್ಲಿರಬಾರದಿತ್ತು. ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದೆ. ಅವಳು ಮೇಲಿನಿಂದ ಕರೆದಳು.

"ಬರೂ ಐತಾರ ಖಾಲಿ ಅದೀರೇನು? ಇವರ ಮೊಣಕಾಲು ಹೋಗ್ಯಾವು. ಶರಣೂಗ ರಜಾ ಇಲ್ಲ. ಅವನ ಮಗಳು ಗುಡ್ಡ ನೋಡಬೇಕಂತ ಕುಂತಾಳ. ನಾನೂ ಹತ್ತಿಲ್ಲ, ಅವತ್ತಿನಿಂದ."

ಆ ಭಾನುವಾರ ಸ್ಲೋ ಗಾಡಿಯಲ್ಲಿ ಮುಂಬ್ರಾಕ್ಕೆ ಹೋದೆವು, ಮಹಾದೇವಿ, ಎರಡನೆಯ ಕ್ಲಾಸಿನ ಸಾನ್ವಿ, ನಾನು. ಮಳೆ ಮುಗಿದ ಗುಡ್ಡ. ಹುಲ್ಲು ಹಳದಿಗೆ ತಿರುಗಿತ್ತು. ಹುಡುಗಿ ನನ್ನ ಜೊತೆ ಮರಾಠಿಯಲ್ಲಿ ಮಾತಾಡಿದಳು, ಅಜ್ಜಿಯ ಕನ್ನಡಕ್ಕೆ ಹಿಂದಿಯಲ್ಲಿ ಉತ್ತರ ಕೊಟ್ಟಳು. ಮೆಟ್ಟಿಲು ಮೆಟ್ಟಿಲಿಗೂ ನಾವು ಮುದುಕರು ನಿಂತೆವು. ಮಹಾದೇವಿ ದಾರಿಯುದ್ದಕ್ಕೂ ನನಗಿಂತ ನಾಲ್ಕು ಮೆಟ್ಟಿಲು ಮುಂದೆಯೇ ಇದ್ದಳು. ಮೊಮ್ಮಗಳು ದಾರಿಬದಿಯ ಒಂದು ಎಲೆಯನ್ನು ಕಿತ್ತು ಇದೇನೆಂದು ನನ್ನನ್ನು ಕೇಳಿದಾಗ ಮಾತ್ರ ಅವಳು ತಿರುಗಿ ನಿಂತಳು. ಗೊತ್ತಿಲ್ಲ ಮಗಾ ಎಂದೆ. ಅವಳು ಮುಂದೆ ನಡೆದಳು.

ಮೇಲೆ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದಳು. ಹುಡುಗಿಗೆ ಕೊಟ್ಟಳು, ತಾನು ತೆಗೆದುಕೊಂಡಳು. ನಾನು ಮನೆಯಿಂದ ಏನೂ ತಂದಿರಲಿಲ್ಲ. ಅವರ ಮುಂದೆ ನನ್ನ ಕೈಯಿಂದ ಒಂದು ಡಬ್ಬಿ ತೆರೆಯುವ ಧೈರ್ಯ ಇರಲಿಲ್ಲ. ಕೆಳಗೆ ಹೋಗುವ ಗಾಡಿಗಳನ್ನು ನೋಡುವವನ ಹಾಗೆ ಆಚೆ ಮುಖ ಮಾಡಿ ಕುಳಿತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ನನ್ನ ಮೊಣಕೈಗೆ ಏನೋ ತಾಗಿತು. ರೊಟ್ಟಿ, ಅದರ ಮೇಲೆ ಶೇಂಗಾ ಹಿಂಡಿ.

"ತಿನ್ರಿ ಅಣ್ಣಾರ" ಎಂದಳು. "ಇದರಾಗ ಏನೂ ಹಾಕಿಲ್ಲ."

ಎರಡೂ ಕೈ ಚಾಚಿ ತೆಗೆದುಕೊಂಡೆ. ಖಾರಕ್ಕೆ ಕಣ್ಣಲ್ಲಿ ನೀರು ಬಂತೆಂದು ಹುಡುಗಿ ನಕ್ಕಳು.